ಕೈಗೆ ತಿಳಿಯದ ಬಿಸಿ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದ ಆ ಮನುಷ್ಯನನ್ನು ಎಲ್ಲರೂ ಥರ್ಮಾಮೀಟರ್ ಎಂದೇ ಕರೆಯುತ್ತಿದ್ದರು. ಎಂಜಿನ್ ಕಾಯುತ್ತಿದೆ ಎಂದು ಯಾರೇ ಬರಲಿ, ಆತ ಮೊದಲು ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಅಲ್ಲಲ್ಲಿ ಬೆರಳಿಟ್ಟು ನೋಡಿ, ರೋಗ ಎಲ್ಲಿದೆಯೆಂದು ಹೇಳಿಬಿಡುತ್ತಿದ್ದ. ವಯಸ್ಸು ಐವತ್ತು ದಾಟಿತ್ತು, ಮಾತು ಕಡಿಮೆ. ಅಂಗಡಿಯ ಹಿಂದಿನ ಎರಡು ಕೋಣೆಯೇ ಮನೆ. ಅಲ್ಲಿ ಹೆಂಡತಿ ಊರವರ ಬಟ್ಟೆ ಹೊಲಿಯುತ್ತಿದ್ದಳು.

ಇತ್ತೀಚೆಗೆ ನಟ್ಟು ಬೋಲ್ಟುಗಳು ಅವನ ಬೆರಳಿನಿಂದ ಜಾರಿ ಬೀಳುತ್ತಿದ್ದವು. ಗ್ರೀಸಿನ ಜಿಡ್ಡು ಎಂದುಕೊಂಡು ಸುಮ್ಮನಿದ್ದ.

ಡ್ರೈವಿಂಗ್ ಸ್ಕೂಲ್ ನಡೆಸುವ ಮೇಡಂ ಒಂದು ದಿನ ತಮ್ಮ ಬೈಕ್ ತಳ್ಳಿಕೊಂಡು ಬಂದರು. ಎಂಜಿನ್ನಿನ ಬಿಸಿನೀರನ್ನು ಆರಿಸುವ ರೇಡಿಯೇಟರ್ ಇರುವ ದೊಡ್ಡ ಬೈಕು.

"ಮೈದಾನದಲ್ಲಿ ನಾಲ್ಕು ಸುತ್ತು ಹಾಕಿಸೋದ್ರೊಳಗೆ ಕೆಂಪು ದೀಪ ಹತ್ಕೊಳ್ಳುತ್ತೆ. ಕಲಿಯೋಕೆ ಬಂದವರು ಗಾಡಿ ಅಲ್ಲೇ ಬಿಟ್ಟು ದೂರ ಓಡ್ತಾರೆ" ಎಂದರು.

ಆತ ಎಂಜಿನ್ ತಣಿಸುವ ನೀರು, ಕೂಲಂಟ್, ಎಷ್ಟಿದೆಯೆಂದು ನೋಡಿದ, ಸರಿಯಿತ್ತು. ಫ್ಯಾನಿಗೆ ನೇರವಾಗಿ ಬ್ಯಾಟರಿಯ ಕರೆಂಟು ಕೊಟ್ಟ, ತಿರುಗಿತು. ಆಮೇಲೆ ಎಂಜಿನ್ ಓಡಲು ಬಿಟ್ಟು, ಕಾದ ಮೇಲೆ ಒಂದು ಕೈಯನ್ನು ಎಂಜಿನ್ನಿನ ನೆತ್ತಿಯ ಹತ್ತಿರ, ಇನ್ನೊಂದನ್ನು ಅಲ್ಲಿಂದ ರೇಡಿಯೇಟರಿಗೆ ಹೋಗುವ ರಬ್ಬರ್ ಪೈಪಿನ ಮೇಲೆ ಇಟ್ಟ. ಬಿಸಿನೀರು ಹೊರಗೆ ಹರಿಯುತ್ತಿದ್ದರೆ ಎರಡೂ ಕಡೆ ಒಂದೇ ಬಿಸಿ ಇರಬೇಕು. ಅವನಿಗೆ ಎರಡೂ ಒಂದೇ ಎನಿಸಿತು.

"ನೀರು ಸುತ್ತುತ್ತಾ ಇದೆ, ಆರ್ತಾ ಇಲ್ಲ. ರೇಡಿಯೇಟರ್ ಒಳಗೆ ಕಟ್ಕೊಂಡಿದೆ ಮೇಡಂ."

ರೇಡಿಯೇಟರ್ ಬಿಚ್ಚಿ ತೊಳೆದ, ಹೊಸ ಕೂಲಂಟ್ ತುಂಬಿದ, ರೇಡಿಯೇಟರಿನ ಮುಚ್ಚಳ ಬದಲಿಸಿದ. ಬೈಕ್ ಹೋಯಿತು.

ಅದೇ ವಾರ ಮೇಡಂ ಕುಂಟುತ್ತ ಬಂದರು. ಸಂಬಂಧಿಕರ ಹುಡುಗನೊಬ್ಬ ಬೈಕ್ ತಳ್ಳಿಕೊಂಡು ಹಿಂದೆ ಬಂದು, ನಿಲ್ಲಿಸಿ ಹೋದ. ಸಿಗ್ನಲ್ಲಿನಲ್ಲಿ ನಿಂತಾಗ ಕುದಿನೀರು ಉಕ್ಕಿ ಅವರ ಪಾದದ ಮೇಲೆ ಬಿದ್ದಿತ್ತು.

"ಏನ್ ರಿಪೇರಿ ಮಾಡಿದ್ರಿ ನೀವು?" ಎಂದು ಅವರು ರೇಗಿದರು.

ಆತ ಬ್ಯಾಂಡೇಜು ನೋಡಿದ. ಬೇಜಾರಾಗಬೇಕು ಎಂದು ಅವನಿಗೆ ಗೊತ್ತಿತ್ತು, ಆದರೆ ಬೇಜಾರು ಬರಲಿಲ್ಲ. "ಕೂತ್ಕೊಳ್ಳಿ" ಎಂದು ಸ್ಟೂಲ್ ಕೊಟ್ಟು ಎಂಜಿನ್ ಚಾಲೂ ಮಾಡಿದ. ಅದು ಬಿಸಿಯಾಗುವವರೆಗೂ ಕಾದು ಮತ್ತೆ ಅಲ್ಲೇ ಎರಡು ಕೈ ಇಟ್ಟ. ಈಗಲೂ ಎರಡೂ ಒಂದೇ.

ಗಟ್ಟಿ ದನಿ ಕೇಳಿ ಹೆಂಡತಿ, ಕುತ್ತಿಗೆಗೆ ಟೇಪು ಹಾಕಿಕೊಂಡೇ, ಮೇಡಂಗೆ ನೀರು ತಂದಳು. ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು.

"ಏನೋ ಸುಟ್ಟ ವಾಸನೆ. ಅಯ್ಯೋ, ರೀ! ಕೈ ತೆಗೀರಿ!"

ಅವನ ಮಣಿಕಟ್ಟು ಸೈಲೆನ್ಸರ್ ಪೈಪಿಗೆ ತಗುಲಿಕೊಂಡಿತ್ತು. ಅವಳು ಲೋಟವನ್ನು ಮೇಡಂ ಕೈಗಿತ್ತು, ಓಡಿ ಬಂದು ತಾನೇ ಎಳೆದು ತೆಗೆದಳು. ಚರ್ಮ ಬೆಳ್ಳಗಾಗಿ ಸುಕ್ಕುಗಟ್ಟಿತ್ತು.

"ಉರೀತಿಲ್ವಾ?"

"ಇಲ್ಲ."

ಮೇಡಂ ಲೋಟ ಕೆಳಗಿಟ್ಟರು. ಆತ ತನ್ನ ಮಣಿಕಟ್ಟು ನೋಡಿಕೊಂಡು ಹೆಂಡತಿಗೆ, "ಈ ರಬ್ಬರ್ ಪೈಪ್ ಮುಟ್ಟಿ ಹೇಳು" ಎಂದ.

"ಇದಾ? ತಣ್ಣಗಿದೆ."

"ಈ ಎಂಜಿನ್? ಹುಷಾರು, ದೂರದಿಂದಲೇ ನೋಡು."

"ಮುಟ್ಟೋದೇನು ಬಂತು, ಹತ್ತಿರ ಹೋದ್ರೇ ಸುಡುತ್ತೆ!"

ಬಿಸಿನೀರು ಎಂಜಿನ್ ಬಿಟ್ಟು ಹೊರಗೇ ಬರುತ್ತಿರಲಿಲ್ಲ. ಎಂಜಿನ್ ಕಾದಾಗ ತೆರೆದುಕೊಂಡು ನೀರಿಗೆ ದಾರಿ ಬಿಡಬೇಕಾದ ಥರ್ಮೋಸ್ಟಾಟ್ ಎಂಬ ಪುಟ್ಟ ಮುಚ್ಚಳ ಕಚ್ಚಿಕೊಂಡಿತ್ತು. ಎಂಜಿನ್ ಆರಿದ ಮೇಲೆ ಆತ ಅದನ್ನು ಬಿಚ್ಚಿ, ದಾರ ಕಟ್ಟಿ, ಒಲೆಯ ಮೇಲೆ ಕುದಿಯುವ ನೀರಿನ ಪಾತ್ರೆಗೆ ಇಳಿಬಿಟ್ಟ. ಮೂವರೂ ಬಗ್ಗಿ ನೋಡಿದರು. ನೀರು ಕೊತಕೊತ ಕುದಿದರೂ ಅದು ಬಾಯಿ ಬಿಡಲಿಲ್ಲ. ಅಂಗಡಿಯಲ್ಲಿದ್ದ ಹೊಸದನ್ನು ಹಾಕಿದಾಗ ಮೆಲ್ಲಗೆ ತೆರೆದುಕೊಂಡಿತು.

"ಮೊದಲನೇ ದಿನವೇ ಸಿಕ್ಕಬೇಕಿತ್ತು ಮೇಡಂ. ನನ್ನ ಕೈ ಸುಳ್ಳು ಹೇಳ್ತು" ಎಂದ.

ಮೇಡಂ ಅಷ್ಟು ಹೊತ್ತಿಗೆ ತಣ್ಣಗಾಗಿದ್ದರು. "ನನ್ನ ಕಾಲು ವಾಸಿಯಾಗುತ್ತೆ ಬಿಡಿ. ನೀವು ಮೊದಲು ಡಾಕ್ಟರ್ ಹತ್ರ ಹೋಗಿ."

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ಅವನನ್ನು ಮಲಗಿಸಿ, ಒಂದು ಸಣ್ಣ ಪ್ಲಾಸ್ಟಿಕ್ ಎಳೆ ತೋರಿಸಿ, "ಕಣ್ಣು ಮುಚ್ಕೊಳ್ಳಿ. ಇದು ಪಾದಕ್ಕೆ ತಾಗಿದಾಗೆಲ್ಲ ಹೂಂ ಅನ್ನಿ" ಎಂದರು.

ಆತ ಕಣ್ಣು ಮುಚ್ಚಿ ಕಾದ. ಗೋಡೆಯಾಚೆ ಯಾವುದೋ ಮಗು ಅಳುತ್ತಿತ್ತು. ಬಹಳ ಹೊತ್ತಾಯಿತು ಎನಿಸಿ, "ಶುರು ಮಾಡಿ ಡಾಕ್ಟ್ರೇ" ಎಂದ.

"ಮುಗೀತು" ಎಂದರು ಡಾಕ್ಟರು.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಕ್ಕರೆ ಕಾಯಿಲೆ, ಸದ್ದಿಲ್ಲದೆ ಬಹಳ ವರ್ಷದಿಂದ ಕಾಲಿನಿಂದ ಕೈಯವರೆಗೂ ನರಗಳನ್ನು ತಿಂದಿದೆ, ಹೋದದ್ದು ವಾಪಸು ಬರುತ್ತದೆಂದು ಹೇಳಲಾರೆ, ಉಳಿದದ್ದನ್ನಾದರೂ ಉಳಿಸಿಕೊಳ್ಳೋಣ ಎಂದರು ಡಾಕ್ಟರು. ಆತ ತಲೆಯಾಡಿಸಿದ, ಬೇರೆ ಯಾರದೋ ಬೈಕಿನ ವಿಷಯ ಕೇಳಿದ ಹಾಗೆ.

ಈಗ ಅವನು ಬಿಸಿ ಅಳೆಯುವ ಒಂದು ಪಿಸ್ತೂಲಿನಂಥ ಯಂತ್ರ ತಂದುಕೊಂಡಿದ್ದಾನೆ. ಗುರಿಯಿಟ್ಟು ಒತ್ತಿದರೆ ಅಂಕಿ ಬರುತ್ತದೆ. ಕೆಲಸ ತಪ್ಪುವುದಿಲ್ಲ. ಆದರೂ ಅಂಕಿ ಓದಿದ ಮೇಲೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾನೆ, ಇನ್ನೂ ಏನೋ ತಿಳಿಯಬೇಕಾಗಿತ್ತು ಎನ್ನುವಂತೆ.

ಸಂಜೆ ಅಂಗಡಿಯ ಬಾಗಿಲೆಳೆದ ಮೇಲೆ ಹೆಂಡತಿ ಅವನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಗಾಯಗಳಿವೆಯೇ ಎಂದು ಹುಡುಕುತ್ತಾಳೆ. ಮೊನ್ನೆ ಹಿಮ್ಮಡಿಯಲ್ಲಿ ಒಂದು ಕಬ್ಬಿಣದ ಚೂರು ಸಿಕ್ಕಿತು.

"ಬೆಳಗ್ಗೆಯಿಂದ ಹೀಗೇ ಓಡಾಡಿದ್ರಾ?"

"ಇರಬಹುದು."

ಅವಳು ಸೂಜಿಯಿಂದ ಮೆಲ್ಲಗೆ ಬಿಡಿಸಿದಳು. ಸೂಜಿ ತಾಗಿದ ಪ್ರತಿ ಸಲ ತನಗೇ ಚುಚ್ಚಿದಂತೆ ಹಲ್ಲು ಕಚ್ಚುತ್ತಿದ್ದಳು. ತನ್ನ ನೋವು ಎಷ್ಟೆಂದು ಅಲ್ಲೇ ಓದುವಂತೆ ಆತ ಅವಳ ಮುಖವನ್ನೇ ನೋಡುತ್ತ ಕೂತಿದ್ದ.