ಜೋಮು ಹಿಡಿದ ಕಾಲು

ತಿಕೋಟಾದ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ನನ್ನ ಗಂಡ ಹಣ್ಣು ಹರಡುವ ಮೇಲಿನ ಬಲೆಯ ಅಟ್ಟದಿಂದ ಬೆನ್ನು ಅಡಿಯಾಗಿ ಬಿದ್ದಾಗ ಯಾರೂ ಅಳಲಿಲ್ಲ. ಅವರೇ ನಕ್ಕು, "ಕಾಲ ಜೋಮ ಹಿಡದಾವ, ಎಬ್ಬಸ್ರಿ" ಅಂದಿದ್ದರು. ಜೋಮಿಗೆ ಯಾರು ಹೆದರುತ್ತಾರೆ? ಕೂತು ಕೂತು ಹಿಡಿಯುತ್ತದೆ, ತಿಕ್ಕಿದರೆ ಬಿಡುತ್ತದೆ. ಮಂದಿ ರಟ್ಟೆ ಹಿಡಿದು ಕೂರಿಸಿದರು, ನೀರು ಕುಡಿಸಿದರು, ಪಾದ ತಿಕ್ಕಿದರು. ಹಾಗೆ ಬಿದ್ದವರನ್ನು ಅಲುಗಿಸಲೇಬಾರದು ಎಂಬುದು ನಮಗೆ ವಿಜಯಪುರದ ಆಸ್ಪತ್ರೆಯಲ್ಲಿ ತಿಳಿಯಿತು.

ಬೆನ್ನುಹುರಿಗೆ ಪೆಟ್ಟಾಗಿದೆ, ಪೂರ್ತಿ ಹರಿದಿಲ್ಲ ಅಂದರು ಡಾಕ್ಟರು. ಕಾಲಿನ ಶಕ್ತಿ, ಸ್ಪರ್ಶ ಎಷ್ಟು ಮರಳುತ್ತದೆ ಎಂದು ಈಗಲೇ ಹೇಳಲಾಗದು. ಕಾಲು ತಾನಾಗಿಯೇ ಜಿಗಿಯಬಹುದು, ಅದನ್ನು ಗುಣ ಅಂದುಕೊಳ್ಳಬೇಡಿ ಎಂದೂ ಎಚ್ಚರಿಸಿದರು. ವ್ಯಾಯಾಮ ಮಾಡಿಸುವ ಹೆಣ್ಣುಮಗಳು ನನಗೊಂದು ಪರೀಕ್ಷೆ ಕಲಿಸಿದಳು: ಕಣ್ಣು ಮುಚ್ಚಿಸಿ, ಹತ್ತಿಯಿಂದ ಪಾದ ಮುಟ್ಟಿ, ಯಾವ ಕಾಲು ಎಂದು ಕೇಳಬೇಕು.

ಮನೆಗೆ ಬಂದ ಮೇಲೆ ಅತ್ತೆಯ ಮನೆಮದ್ದು ಶುರುವಾಯಿತು. ಇಟ್ಟಿಗೆ ಕಾಯಿಸಿ, ಅರಿವೆ ಸುತ್ತಿ, ಮಗನ ಹಿಮ್ಮಡಿಗೆ ಕಾವು. ಬಾಣಂತಿಯ ಸೊಂಟದಿಂದ ಕುರಿ ಕಾಯುವವರ ಮೊಣಕಾಲಿನವರೆಗೆ ನಮ್ಮ ಕಡೆ ಎಲ್ಲಕ್ಕೂ ಅದೇ ಮದ್ದು. ಬಿಸಿ ಸಾಕು ಅನ್ನಬೇಕಾದವರು ಕಾವು ಕೊಡಿಸಿಕೊಳ್ಳುವವರೇ.

"ಇನ್ನಷ್ಟ ಕಾಸ ಬೇ ಯವ್ವಾ, ಬಿಸಿ ಹತ್ತವಲ್ದು" ಅಂದರು ಇವರು. ಅತ್ತೆ ಇನ್ನಷ್ಟು ಕಾಸಿದರು. ನಾನು ಹಿತ್ತಲಿನಿಂದ ಒಳಗೆ ಬರುವಾಗ ಮೊದಲು ವಾಸನೆ ಬಂತು. ತಾಯಿ ಮಗ ಇಬ್ಬರೂ ಆರಾಮಾಗಿ ಮಾತಾಡುತ್ತ ಕೂತಿದ್ದರು. ಅರಿವೆ ಬಿಡಿಸಿದರೆ ಅದರ ಜೊತೆ ಚರ್ಮವೂ ಬಂತು.

ಹಿಮ್ಮಡಿಯ ಗಾಯ ಬೇಗ ಮಾಯಲಿಲ್ಲ. ಕಂಬಿ ಹಿಡಿಸಿ ನಿಲ್ಲಿಸುವ ಅಭ್ಯಾಸ ನಿಂತೇ ಹೋಯಿತು. ಇನ್ನೊಂದು ಸಲ ಸುಟ್ಟರೆ ನಡೆಯುವ ಆಸೆ ಬಿಡಬೇಕಾದೀತು ಅಂದರು ಡಾಕ್ಟರು. ಅತ್ತೆ ಅತ್ತರು, ಆದರೆ ಇಟ್ಟಿಗೆಯನ್ನು ಒಲೆಯ ಪಕ್ಕದಿಂದ ತೆಗೆಯಲಿಲ್ಲ. ಕಾಲಿಗೆ ಮುಟ್ಟಿದ್ದು ತಿಳಿಯತೊಡಗಿದ ಮೇಲೆ ಮತ್ತೆ ಕಾವು ಕೊಡುತ್ತೇನೆ ಅಂದರು. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಈಚೆಗೆ ಒಂದು ಬೆಳಗ್ಗೆ ಹತ್ತಿಯಿಂದ ಮುಟ್ಟಿ ಕೇಳಿದಾಗ ಇವರು ಬಲಗಾಲು ಅಂದರು. ಸರಿಯಾಗಿತ್ತು. ಮರುದಿನ ಎಡಗಾಲು, ಅದೂ ಸರಿ. ಅತ್ತೆಯ ಮುಖ ಅರಳಿತು. ನನಗೆ ಮಾತ್ರ ಹೆದರಿಕೆ. ಇರುವುದೇ ಎರಡು ಕಾಲು, ಊಹಿಸಿ ಹೇಳಿದರೂ ಸರಿಯಾಗಬಹುದು. ಅದಕ್ಕೇ ಇವತ್ತು ಕಣ್ಣು ಮುಚ್ಚಿಸಿ, ಹತ್ತಿಯನ್ನು ಮಡಿಲಲ್ಲೇ ಇಟ್ಟುಕೊಂಡು ಕೇಳಿದೆ.

"ಬಲಗಾಲ" ಅಂದರು. "ಹೆಬ್ಬಟ್ಟ. ಜೋಮ ಬಿಡಾಕತ್ತೈತಿ ನೋಡ."

ಅಡುಗೆಮನೆಯಲ್ಲಿ ಅತ್ತೆ ಇಟ್ಟಿಗೆ ಎತ್ತಿಕೊಂಡ ಸದ್ದು ಕೇಳಿಸಿತು. ಸುಮ್ಮನಿದ್ದರೆ ಪಾದ ಸುಡುತ್ತದೆ. ಬಾಯಿ ಬಿಟ್ಟರೆ, ಎಷ್ಟೋ ದಿನದ ಮೇಲೆ ನಕ್ಕ ಈ ಮುಖ ನನ್ನೆದುರೇ ಬಾಡುತ್ತದೆ.

"ಅತ್ತಿ, ಒಲಿ ಹಚ್ಚಬ್ಯಾಡ್ರಿ" ಅಂದೆ. "ನಾ ಮುಟ್ಟೇ ಇಲ್ಲ."

ಇವರು ಕಣ್ಣು ತೆರೆದರು. ನನ್ನ ಮುಖ ನೋಡಲಿಲ್ಲ, ಮಡಿಲಲ್ಲಿದ್ದ ಹತ್ತಿಯನ್ನು ನೋಡಿದರು.