ಅಕ್ಕ ಅತ್ತದ್ದು ಯಾರ ನೋವಿಗೆ

ದೃಷ್ಟಿ ತಾಗುವುದು, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ಕೆಲಸವಿಲ್ಲದವರ ಮಾತು ಅನ್ನುತ್ತಿದ್ದೆ. ನೀವು ಇದನ್ನು ನಂಬಲೇಬೇಕು ಅಂತಲೂ ಇಲ್ಲ. ನನಗೆ ಬರೆಯಲು ಬರುವುದು ಅಷ್ಟಕ್ಕಷ್ಟೇ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಆಗ ದೆಹಲಿಗೆ ಮೆಟ್ರೋ ಹೊಸತು. ಅಕ್ಕನ ಮಗ ರವಿ ಸರೋಜಿನಿ ನಗರದ ಸರಕಾರಿ ಕ್ವಾರ್ಟರ್ಸಿನಲ್ಲಿದ್ದ. ಅಕ್ಕನಿಗೆ ಲಕ್ವ ಹೊಡೆದು ಮಾತು ಹೋಗಿತ್ತು, ಎಡಗೈ ಮರದ ಕೊರಡಾಗಿತ್ತು. ಅವಳನ್ನು ನೋಡಿಕೊಳ್ಳಲು ನನ್ನನ್ನು ಕರೆಸಿದ್ದರು. ವರ್ಷಗಟ್ಟಲೆ ಅವಳ ಗಂಟಲಿನಿಂದ ಒಂದು ಸದ್ದೂ ಬಂದಿರಲಿಲ್ಲ.

ರವಿಯ ಹೆಂಡತಿ ಸುಮಾ ಗಂಡು ಹೆತ್ತಳು. ಬಾಣಂತನಕ್ಕೆ ಅವಳ ತಾಯಿ, ಅಂದರೆ ನಮ್ಮ ಬೀಗಿತ್ತಿ, ಹಾಸನದಿಂದ ಬಂದರು. ದಿನಾ ಬಿಸಿಲೇರಿದ ಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ತಿಕ್ಕುವರು. ಎರಡೂ ಕೈಗಳನ್ನು ಎದೆಯ ಮೇಲೆ ಕತ್ತರಿ ಹಾಕಿ ಎಳೆಯುವರು. ಬೇರೆ ಕೂಸುಗಳಾದರೆ ಮನೆ ಕಿತ್ತುಹೋಗುವ ಹಾಗೆ ಅರಚುತ್ತವೆ. ಇದು ಅಳುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ, ಕಣ್ಣು ಬಿಗಿದು, ಎಡಗೈ ಬೆರಳು ಅಗಲಿಸಿ, ಆಮೇಲೆ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿತ್ತು. ನನ್ನ ಮೊಮ್ಮಗ ಎಂಥ ಸಾಧು ಅಂತ ಬೀಗಿತ್ತಿ ಊರಿಗೆಲ್ಲ ಫೋನು ಮಾಡಿದರು.

ಒಂದು ದಿನ ಕೂಸಿನ ಕೈ ಎಳೆದ ಹೊತ್ತಿಗೇ ಒಳಕೋಣೆಯಲ್ಲಿ ಅಕ್ಕ ಅತ್ತಳು. ಮುದುಕಿಯ ಅಳುವಲ್ಲ, ಹಸುಗೂಸಿನ ಕೀರಲು ಅಳು. ಹೋಗಿ ನೋಡಿದರೆ ಆ ಸತ್ತ ಎಡಗೈಯ ಬೆರಳುಗಳು ಅಗಲವಾಗಿ ನಿಂತಿದ್ದವು. ನಾಟಕ ಆಡಬೇಡ ಅಂತ ಬೈದು ಬಾಯಿಗೆ ಬಟ್ಟೆ ಅದುಮಿದೆ. ಮಾರನೇ ದಿನವೂ ಅದೇ.

"ಹೊಟ್ಟೆಕಿಚ್ಚು ಕಣ್ರೀ, ಎಲ್ಲರೂ ಕೂಸಿನ ಹತ್ತಿರ ಇದ್ದೀವಲ್ಲ. ಬಾಗಿಲು ಹಾಕ್ಬಿಡಿ," ಅಂದರು ಬೀಗಿತ್ತಿ. ಹಾಕಿದೆವು. ಅಳು ನಿಲ್ಲಲಿಲ್ಲ.

ಬೀಗಿತ್ತಿ ಸ್ನಾನಕ್ಕೆ ಹೋದಾಗ ನಾನೇ ಕೂಸನ್ನು ಕಾಲ ಮೇಲೆ ಹಾಕಿಕೊಂಡೆ. ಕಾಲು ಎಳೆದೆ, ಏನಿಲ್ಲ. ಬಲಗೈ ಎಳೆದೆ, ಏನಿಲ್ಲ. ಎಡಗೈ ಎಳೆದೆ. ಮುಚ್ಚಿದ ಬಾಗಿಲ ಹಿಂದೆ ಅಕ್ಕ ಕಿರುಚಿದಳು. ಬಿಟ್ಟೆ, ನಿಂತಿತು. ಬೇಕೆಂದೇ ಮತ್ತೆ ಎಳೆದೆ.

ರವಿಗೆ ಹೇಳಿದರೆ ನಕ್ಕ. "ಅಚ್ಛಾ, ಈಗ ಅಮ್ಮ ಡಾಕ್ಟರಾ, ಚಿಕ್ಕಮ್ಮ?"

"ನಗು. ಕೂಸಿನ ಎಡಗೈ ತೋರಿಸ್ಕೊಂಡು ಬಾ. ಇಲ್ಲಾಂದ್ರೆ ನಾನು ಊರಿಗೆ ಹೋಗ್ತೀನಿ, ನಿಮ್ಮಮ್ಮನ ಹೇಲು ನೀನೇ ಬಳಿ," ಅಂದೆ.

ಅದಕ್ಕೆ ಹೆದರಿ ಹೋದ. ಹುಟ್ಟುವಾಗಲೇ ಎಡಗಡೆ ಕತ್ತಿನ ಕೆಳಗಿನ ಎಲುಬು ಮುರಿದಿತ್ತಂತೆ. ಕೂಸು ಅಳದಿದ್ದರೆ ನೋವಿಲ್ಲ ಅಂತಲ್ಲ, ನೋವು ತಿಂದು ದಣಿದಿರುತ್ತದೆ, ಮುಖ ನೋಡಬೇಕು, ಬೆರಳು ನೋಡಬೇಕು ಅಂದರಂತೆ ಡಾಕ್ಟರು. ಅಂಗಿಯ ತೋಳನ್ನು ಎದೆಗೆ ಪಿನ್ನು ಹಾಕಿ ಕಳಿಸಿದರು. ಅವತ್ತಿನಿಂದ ಅಕ್ಕನ ಬಾಯಿ ಮತ್ತೆ ಮುಚ್ಚಿತು.

ಮುಂದಿನ ಬೇಸಿಗೆಯಲ್ಲಿ ಅಕ್ಕನ ಬೆನ್ನು ಕೊಳೆತು ಹುಣ್ಣಾಯಿತು, ಎಲುಬು ಕಾಣುತ್ತಿತ್ತು. ತೊಳೆಯುವಾಗ ಅವಳ ಮುಖ ನೋಡುತ್ತಿದ್ದೆ, ಬೆರಳು ನೋಡುತ್ತಿದ್ದೆ. ಏನೂ ಅಲ್ಲಾಡುತ್ತಿರಲಿಲ್ಲ. ಆಗ, ಅವಳ ನೋವಿಗೆ ಕೂಸು ಅಳುತ್ತದೇನೋ ಅಂತ, ಹೊರಗಿನ ಕೋಣೆಯ ಕಡೆ ಕಿವಿ ಕೊಡುತ್ತಿದ್ದೆ. ಕೂಸು ನಗುತ್ತಾ ಆಡುತ್ತಿತ್ತು. ಅಕ್ಕ ಹಾಗೆಯೇ ಸತ್ತಳು. ಅವಳಿಗೆ ನೋವಾಗುತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.