ಸೀರೆ ಉಟ್ಟ ದೊರೆಸಾನಿ

ಗೆಳತಿಯರೇ, ಇವತ್ತು ನಮ್ಮ ಎಸ್ಟೇಟಿನ ದೊರೆಸಾನಿ ಗೆದ್ದರು!

ಇಂಗ್ಲೆಂಡಿನಿಂದ ಶ್ರೀಮಂಗಲಕ್ಕೆ ಬಂದ ಮೇಲೆ ಇದು ಅವರ ಮೊದಲ ಬೇಸಿಗೆ. ಬಿಗಿಯಾದ ಗೌನಿನೊಳಗೆ ಮೈಯೆಲ್ಲ ಬೆವರುಸಾಲೆ ಎದ್ದು, ಬೆಳಿಗ್ಗೆ ತಲೆ ಸುತ್ತಿ ಬಿದ್ದೇಬಿಟ್ಟರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರನ ಹೆಂಡತಿ ನಾನು, ಪಕ್ಕದಲ್ಲೇ ಮನೆ. ಓಡಿಹೋಗಿ ನನ್ನ ನೂಲಿನ ಸೀರೆಯನ್ನೇ ಉಡಿಸಿದೆ, ನಮ್ಮ ಕೊಡಗಿನ ಹಾಗೆ ನೆರಿಗೆಯನ್ನು ಹಿಂದಕ್ಕೆ ಹಾಕಿ.

ಊಟಕ್ಕೆ ಬಂದ ದೊರೆ ಕೆಂಡವಾಗಿ ಇಂಗ್ಲಿಷಿನಲ್ಲಿ ಕೂಗಿದರು; ಅರ್ಥವನ್ನು ಆಮೇಲೆ ದೊರೆಸಾನಿಯೇ ನನಗೆ ಹೇಳಿದ್ದು. "ಇದೇನು ವೇಷ? ಜನ ನೋಡಿದರೆ ನಮ್ಮ ಮರ್ಯಾದೆ ಏನಾಗಬೇಕು?"

ನನಗೂ ತಿಳಿಯಲೆಂದು ದೊರೆಸಾನಿ ನನ್ನಿಂದ ಕಲಿತ ಕನ್ನಡದಲ್ಲೇ ಹೇಳಿದರು: "ನೀವು ಕೋಟಲ್ಲಿ ಬೇಯ್ತಾ ಇರಿ. ನಾ ಸೀರೆ ಬಿಡಲ್ಲ!" ಆಮೇಲೆ ಹಾಯಾಗಿ ಕುಳಿತು ಎರಡು ಸಲ ಅನ್ನ ಬಡಿಸಿಕೊಂಡರು.

ಸಂಜೆ ದೊರೆ ನಮ್ಮ ಮನೆಗೇ ಬಂದು, ಯಜಮಾನರನ್ನು ಪಕ್ಕಕ್ಕೆ ಕರೆದು, ಮೆಲ್ಲಗೆ ಒಂದು ಪಂಚೆ ಕೇಳಿದರು. ಇಸ್ತ್ರಿ ಮಾಡಿದ್ದೇ ಆಗಬೇಕಂತೆ!